ಹೇಳಿದ ಸಿರಿ, ಹಾಡಿದ ಸಿರಿ

ತುಳುನಾಡಿನ ಕೊಕ್ಕಡದ ಬೈಲಿನಲ್ಲಿ ನೇಜಿ ನೆಡುತ್ತಾ ಹೆಂಗಸರು ಸಿರಿ ಎಂಬವಳ ಕಥೆಯ ಹಾಡಾದ ಸಿರಿಸಂಧಿ ಹೇಳುತ್ತಿದ್ದ ಕಾಲವೊಂದಿತ್ತು. ಒಬ್ಬಳು ಹೇಳುವಳು, ಉಳಿದವರು ಸೊಲ್ಲೆತ್ತುವರು. ಸಿರಿಯ ಮೊಮ್ಮಕ್ಕಳಾದ ಅಬ್ಬಗ-ದಾರಗರು ಚೆನ್ನೆಮಣೆಯ ಮುಂದೆ ಕೂತರು ಎಂಬಲ್ಲಿಗೆ ಬಂದಾಗ ಸೊಲ್ಲು ತಗ್ಗುತ್ತಿತ್ತು. ಆಟ ಜಗಳವಾಗುತ್ತದೆ, ಅದೇ ಮಣೆ ತಲೆಗೆ ಬೀಳುತ್ತದೆ, ಒಬ್ಬಳು ಸಾಯುತ್ತಾಳೆ, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಕೆಸರಿನ ಕೈಯನ್ನು ಕಣ್ಣಿಗೆ ಒಯ್ಯುವಂತಿಲ್ಲ. ಅವರು ತೋಳಿಗೆ ಮುಖ ಒರೆಸಿಕೊಳ್ಳುತ್ತಿದ್ದರು. ನೂರು ಸಲ ಕೇಳಿದ ಕಥೆಗೆ ಈ ಅಳು ಎಲ್ಲಿಂದ ಬರುತ್ತದೆ? ಅದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಹುಡುಕಲು ಹೊರಟೆ.

ಮೊದಲು ಸಿಕ್ಕಿದ್ದು ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ, ತುಳುವಿನ ಹಾಡುಗತೆಗಳಾದ ಪಾಡ್ದನಗಳು. ನಾಡಿಗೆ ಅದು ದೊಡ್ಡ ಉಪಕಾರ. ಆದರೆ ನಾನು ಹುಡುಕುತ್ತಿದ್ದ ಅಳು ಅಲ್ಲಿರಲಿಲ್ಲ.

ಅದು ಕಂಡದ್ದು ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1975ರಲ್ಲಿ ಸಿರಿ ಆರಾಧನೆಯ ಮೇಲೆ ಪ್ರಕಟಿಸಿದ ಲೇಖನದಲ್ಲಿ. ಸಿರಿಯನ್ನು ಆರಾಧಿಸುವ ಆಲಡೆಗಳ ಸಿರಿಜಾತ್ರೆ ನೋಡಿದವರಿಗೆ ಆ ದೃಶ್ಯ ಗೊತ್ತು. ಹಿಂಗಾರ ಹಿಡಿದ ಹೆಂಗಸರು ಸಾಲುಗಟ್ಟಿ ನಿಂತಿರುತ್ತಾರೆ, ಸಿರಿಯ ಮಗ ಕುಮಾರನ ಪಾತ್ರಿ ಹಾಡಿ ಕರೆಯುತ್ತಾನೆ. ಒಬ್ಬಳ ಮೈ ನಡುಗುತ್ತದೆ, ಬಿಕ್ಕುತ್ತಾಳೆ. ನೀನು ಯಾರು ಎಂದು ಅವನು ಕೇಳುತ್ತಾನೆ. ಅವಳು ಸಿರಿ ಎನ್ನಬಹುದು, ಸಿರಿಯ ಮಗಳು ಸೊನ್ನೆ ಎನ್ನಬಹುದು, ಅಬ್ಬಗ ಎನ್ನಬಹುದು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಸಂಕಟಕ್ಕೆ ಇಲ್ಲಿ ಒಂದು ಹೆಸರು ಸಿಗುತ್ತದೆ, ಅದನ್ನು ಕೇಳುವ ಬಂಧುಬಳಗವೂ ಸಿಗುತ್ತದೆ. ಸಿರಿಯಾದರೂ ಯಾರು? ತನ್ನ ಸೀಮಂತಕ್ಕೆ ತಂದ ಸೀರೆಯನ್ನು ಗಂಡ ಕಾಂತು ಪೂಂಜ ಮೊದಲು ಸೂಳೆ ಸಿದ್ದುವಿಗೆ ಉಡಿಸಿದ ಎಂದು ತಿಳಿದು ಅದನ್ನು ಉಡಲೊಲ್ಲೆ ಎಂದವಳು, ಕೊನೆಗೆ ಗಂಡನನ್ನೇ ಬಿಟ್ಟು ಹೊರಟವಳು. ಈ ಆರಾಧನೆಯನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಆದರೆ ಹಾಡು ಅಳಿಸುವ ಬಗೆ ಹೇಗೆ? ಅದರ ಸುಳಿವು ಸಿಕ್ಕಿದ್ದು ನಮ್ಮ ತಾಲ್ಲೂಕಿನಲ್ಲೇ. ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಗದ್ದೆಯಲ್ಲೂ ಹಾಡಿದವರು, ಸಿರಿ ಆರಾಧನೆಯಲ್ಲೂ ಮುಂದೆ ನಿಂತವರು. 1980ರ ದಶಕದಲ್ಲಿ ಅವರು ಹೇಳುತ್ತಾ ಹೋದ ಸಿರಿ ಕಥೆಯನ್ನು ಜಾನಪದ ವಿದ್ವಾಂಸ ಚಿನ್ನಪ್ಪ ಗೌಡರು ಬರೆದುಕೊಂಡಾಗ ಸುಮಾರು 8,500 ಸಾಲುಗಳಾದವು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಅನ್ನೆಲಿ, ಇಲ್ಲಿನ ವಿದ್ವಾಂಸ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಮುಂದೆ ಅದೇ ನಾಯ್ಕರು ಅದೇ ಕಥೆಯನ್ನು ಆರು ದಿನ ಹಾಡಿದರು. ಆಗ ಆದದ್ದು 15,683 ಸಾಲು! ಹೋಮರನ ಇಲಿಯಡ್‌ಗೆ ಹತ್ತೇ ಸಾಲು ಕಡಿಮೆ. 1998ರಲ್ಲಿ ಅದು ಹೆಲ್ಸಿಂಕಿಯಿಂದ ಪುಸ್ತಕವಾಗಿ ಬಂತು.

ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ತುಂಬ ಹೊತ್ತು ನೋಡಿದೆ. ಬರೆದುಕೊಳ್ಳುವವರ ಪೆನ್ನಿಗೆ ಕಾಯುತ್ತಾ ಹೇಳಿದಾಗ ಘಟನೆಗಳು ಬಂದಿದ್ದವು. ರಾಗಕ್ಕೆ ಬಿದ್ದಾಗ ಮಾತು ಮರುಕಳಿಸಿತು, ಹಿಗ್ಗಿತು. ಪಾಡ್ದನದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ, ಕರೆದ ಹೆಸರನ್ನೇ ಮತ್ತೆ ಕರೆಯುತ್ತದೆ. ಓದುವವನಿಗೆ ಅದು ಬೇಸರ ತರಬಹುದು. ಕೇಳುವವಳಿಗೆ ಮಾತ್ರ ದುಃಖ ಒಳಗಿಳಿಯಲು ಅಷ್ಟು ಹೊತ್ತು ಬೇಕು. ನಮ್ಮ ಬೈಲಿನ ಹೆಂಗಸರು ಅತ್ತದ್ದು ಆ ಹೊತ್ತಿನಲ್ಲಿ ಎಂದು ಈಗ ನನಗೆ ಖಚಿತವಾಗಿದೆ.

ಆ ಗದ್ದೆಗಳಲ್ಲಿ ಬಹಳಷ್ಟು ಅಡಿಕೆ, ರಬ್ಬರ್ ತೋಟಗಳಾಗಿವೆ. ನೇಜಿ ಇಲ್ಲದ ಮೇಲೆ ಸಂಧಿ ಹೇಳುವ ಸಂದರ್ಭವೇ ಇಲ್ಲ. ನಿಮ್ಮ ಮನೆಯಲ್ಲಿ ಸಂಧಿ ಬಲ್ಲ ಅಜ್ಜಿ ಇದ್ದರೆ ಕಥೆ ಏನೆಂದು ಕೇಳಿ ಬರೆದಿಟ್ಟು ಸುಮ್ಮನಾಗಬೇಡಿ. ಸೊಲ್ಲೆತ್ತಲು ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ಮೊಬೈಲ್ ಆನ್ ಮಾಡಿ, ಅವರಾಗಿ ನಿಲ್ಲಿಸುವ ತನಕ ಹಾಡಲು ಬಿಡಿ.