ಸೋತ ತಂಡಕ್ಕೆ ತುಂಬಿದ ಗ್ಯಾಲರಿ

ಐಪಿಎಲ್ ನೋಡಿಕೊಂಡು ಬೆಳೆದ ನನಗೆ ತಂಡ ಅಂದ್ರೆ ಊರಿನ ಹೆಸರು. ಆಟಗಾರರು ಹರಾಜಿನಲ್ಲಿ ಬರಲಿ, ಹೋಗಲಿ, ಊರು ಮಾತ್ರ ಅಲ್ಲೇ ಇರುತ್ತೆ ಅನ್ನೋ ಧೈರ್ಯ. ಇದು ಉಲ್ಟಾ ಆದ್ರೆ? ಅದೇ ಆಟಗಾರರು, ಅದೇ ಜರ್ಸಿ, ಊರು ಮಾತ್ರ ಬೇರೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇಂಥದ್ದು ಹಲವು ಸಲ ಆಗಿದೆ. ಅದರಲ್ಲಿ ನನ್ನನ್ನು ಬಹಳ ಕಾಡಿದ್ದು ಡಾಡ್ಜರ್ಸ್ ತಂಡದ 1958ರ ಸೀಸನ್.

ಡಾಡ್ಜರ್ಸ್ ನ್ಯೂಯಾರ್ಕಿನ ಬ್ರೂಕ್ಲಿನ್ ತಂಡ. ಟ್ರಾಮ್‌ಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದ ಬ್ರೂಕ್ಲಿನ್ ಜನರನ್ನು ರೇಗಿಸಿ ಕರೆಯುತ್ತಿದ್ದ ಹೆಸರೇ ತಂಡಕ್ಕೆ ಅಂಟಿಕೊಂಡಿತ್ತು. 1947ರಲ್ಲಿ ಜಾಕಿ ರಾಬಿನ್ಸನ್‌ನನ್ನು ಕಣಕ್ಕಿಳಿಸಿ, ಕಪ್ಪು ಆಟಗಾರರನ್ನು ದಶಕಗಳ ಕಾಲ ಹೊರಗಿಟ್ಟಿದ್ದ ಗೋಡೆ ಒಡೆದದ್ದು ಇದೇ ತಂಡ. ಮತ್ತೆ ಮತ್ತೆ ಫೈನಲ್‌ನಲ್ಲಿ ಸೋತು, ಕೊನೆಗೆ 1955ರಲ್ಲಿ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಎರಡೇ ವರ್ಷ. ತಂಡ ಗಂಟುಮೂಟೆ ಕಟ್ಟಿತು.

ಮಾಲೀಕ ವಾಲ್ಟರ್ ಓಮ್ಯಾಲಿ ಹಾಕಿದ ಲೆಕ್ಕ ಹೀಗಿತ್ತು. ಎಬೆಟ್ಸ್ ಫೀಲ್ಡ್ 1913ರ ಮೈದಾನ, ಸುಮಾರು 32,000 ಸೀಟು, ಕಾರು ನಿಲ್ಲಿಸಲು ಜಾಗವಿಲ್ಲ. ಕಾರು ಕೊಂಡ ಅಭಿಮಾನಿಗಳು ಊರಾಚೆಯ ಬಡಾವಣೆಗಳಿಗೆ ಹೋಗುತ್ತಿದ್ದರು. ಬ್ರೂಕ್ಲಿನ್‌ನಲ್ಲೇ ಹೊಸ ಮೈದಾನ ಕಟ್ಟಲು ಆತ ಕೇಳಿದ ಜಾಗಕ್ಕೆ ನಗರದ ಪ್ರಭಾವಿ ಅಧಿಕಾರಿ ರಾಬರ್ಟ್ ಮೋಸಸ್ ಒಪ್ಪಲಿಲ್ಲ, ಪಕ್ಕದ ಕ್ವೀನ್ಸ್‌ನಲ್ಲಿ ಜಾಗ ತೋರಿಸಿದ. ಆ ಕಡೆಯಿಂದ ಲಾಸ್ ಏಂಜಲೀಸ್ ಕೈಬೀಸಿ ಕರೆಯುತ್ತಿತ್ತು. 1957ರ ಸೆಪ್ಟೆಂಬರ್ 24ರಂದು ಎಬೆಟ್ಸ್ ಫೀಲ್ಡ್‌ನ ಕೊನೆಯ ಆಟಕ್ಕೆ ಬಂದವರು 6,702 ಜನ.

ಈಗ 1958ರ ಏಪ್ರಿಲ್ 18ಕ್ಕೆ ಬನ್ನಿ. ಲಾಸ್ ಏಂಜಲೀಸ್‌ನ ಮೊದಲ ಆಟಕ್ಕೆ 78,672 ಜನ! ಎದುರಾಳಿ ಜೈಂಟ್ಸ್, ಅವರೂ ಅದೇ ವರ್ಷ ನ್ಯೂಯಾರ್ಕ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಡಾಡ್ಜರ್ಸ್ 6-5ರಲ್ಲಿ ಗೆದ್ದಿತು. ಆದರೆ ಸ್ವಂತ ಮೈದಾನ ಇನ್ನೂ ಇರಲಿಲ್ಲ. ಆಡಿದ್ದು 1932ರ ಒಲಿಂಪಿಕ್ಸ್ ನಡೆದ ಕೊಲಿಸಿಯಂನಲ್ಲಿ. ಓಟ ಮತ್ತು ಫುಟ್‌ಬಾಲ್‌ಗೆ ಕಟ್ಟಿದ ಆ ಜಾಗಕ್ಕೆ ಬೇಸ್‌ಬಾಲ್ ತುರುಕಿದಾಗ ಎಡಗಡೆ ಬೌಂಡರಿ ಬರೀ 251 ಅಡಿಗೆ ನಿಂತಿತು. ಸುಮ್ಮನೆ ಎತ್ತಿ ಹೊಡೆದರೂ ಸಿಕ್ಸರ್ ಅನ್ನೋ ಹಾಗೆ! ಅದಕ್ಕೇ ಅಲ್ಲಿ ಸುಮಾರು 40 ಅಡಿ ಎತ್ತರದ ಬಲೆ ಕಟ್ಟಿದರು. ಬಲಗಡೆ ಮಾತ್ರ ಮೈದಾನ ಕೆಲವು ಕಡೆ 440 ಅಡಿವರೆಗೆ ಚಾಚಿಕೊಂಡಿತ್ತು. ಬಲಕ್ಕೆ ಎತ್ತಿ ಹೊಡೆಯುತ್ತಿದ್ದ ಎಡಗೈ ಬ್ಯಾಟರ್ ಡ್ಯೂಕ್ ಸ್ನೈಡರ್ 1957ರಲ್ಲಿ 40 ಹೋಮ್ ರನ್ ಬಾರಿಸಿದ್ದ. ಈ ವರ್ಷ ಮೊಣಕಾಲು ನೋವೂ ಸೇರಿ, 15ಕ್ಕೇ ನಿಂತ. ಕ್ಯಾಚರ್ ರಾಯ್ ಕ್ಯಾಂಪನೆಲ್ಲಾನಿಗಂತೂ ಹೊಸ ಊರಲ್ಲಿ ಆಡುವ ಭಾಗ್ಯವೇ ಇರಲಿಲ್ಲ. ಜನವರಿಯ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದು ಗಾಲಿಕುರ್ಚಿ ಸೇರಿದ್ದ.

ಫಲಿತಾಂಶ? 71 ಗೆಲುವು, 83 ಸೋಲು, ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಹಿಂದಿನ ವರ್ಷ ಬ್ರೂಕ್ಲಿನ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂದ ತಂಡವನ್ನು ನೋಡಿದವರು ಸುಮಾರು 10.3 ಲಕ್ಷ ಜನ. ಏಳನೇ ಸ್ಥಾನಕ್ಕೆ ಇಳಿದ ತಂಡವನ್ನು ಲಾಸ್ ಏಂಜಲೀಸ್‌ನಲ್ಲಿ ನೋಡಿದವರು 18.4 ಲಕ್ಷಕ್ಕೂ ಹೆಚ್ಚು. ಮಾಲೀಕನ ಲೆಕ್ಕ ತಪ್ಪಿರಲಿಲ್ಲ, ನೋಡಿ.

ಆ ಸೀಸನ್‌ನಲ್ಲಿ ನನಗೆ ತುಂಬಾ ಇಷ್ಟವಾಗೋದು ವಿನ್ ಸ್ಕಲಿ ಪ್ರಸಂಗ. ಬ್ರೂಕ್ಲಿನ್‌ನಿಂದ ತಂಡದ ಜೊತೆಗೇ ಬಂದ ರೇಡಿಯೋ ಕಾಮೆಂಟೇಟರ್ ಈತ. ಕೊಲಿಸಿಯಂ ಎಷ್ಟು ದೊಡ್ಡದೆಂದರೆ ಹಿಂದಿನ ಸಾಲುಗಳಲ್ಲಿ ಕೂತವರಿಗೆ ಆಟಗಾರರು ಇರುವೆಗಳಂತೆ ಕಾಣುತ್ತಿದ್ದರು. ಹಾಗಾಗಿ ಜನ ಟ್ರಾನ್ಸಿಸ್ಟರ್ ತರೋಕೆ ಶುರುಮಾಡಿದರು. ಆಟ ಕಣ್ಣೆದುರೇ ನಡೀತಿದ್ದರೂ ಅದನ್ನು ಅರ್ಥಮಾಡಿಸಲು ಸ್ಕಲಿಯ ದನಿ ಬೇಕಿತ್ತು. ಇಡೀ ಗ್ಯಾಲರಿಯಲ್ಲಿ ಒಂದೇ ದನಿ. ಅಪರಿಚಿತ ತಂಡ ಆ ಊರಿಗೆ ‘ನಮ್ಮದು’ ಅನ್ನಿಸಿದ್ದರಲ್ಲಿ ಆ ದನಿಯ ಪಾಲು ದೊಡ್ಡದು.

ಆದರೆ ಅದೇ ಸೀಸನ್‌ನ ಮಧ್ಯೆ ಇನ್ನೊಂದು ಪಂದ್ಯವೂ ನಡೆಯಿತು. ಶಾವೆಜ್ ರವೀನ್ ಎಂಬ ಗುಡ್ಡಗಾಡು ಜಾಗವನ್ನು ತಂಡದ ಮೈದಾನಕ್ಕೆ ಕೊಡುವ ಒಪ್ಪಂದದ ಬಗ್ಗೆ ಜೂನ್ 3ರಂದು ಜನಮತ. ಪರ 3,51,683, ವಿರೋಧ 3,25,898. ಆ ಗುಡ್ಡಗಳಲ್ಲಿದ್ದವರು ಹೆಚ್ಚಾಗಿ ಮೆಕ್ಸಿಕನ್ ಮೂಲದ ಕುಟುಂಬಗಳು. 1950ರಲ್ಲೇ ಅವರಿಗೆ ಪತ್ರ ಹೋಗಿತ್ತು: ಇಲ್ಲಿ ಸರ್ಕಾರಿ ವಸತಿ ಬರುತ್ತೆ, ಖಾಲಿ ಮಾಡಿ, ಹೊಸ ಮನೆಗಳಲ್ಲಿ ಮೊದಲ ಆದ್ಯತೆ ನಿಮಗೇ ಅಂತ. ಬಹುತೇಕರು ಹೊರಟರು. ಆಮೇಲೆ ಆ ಯೋಜನೆಯೇ ರದ್ದಾಯಿತು. ಹಟ ಹಿಡಿದು ಉಳಿದವರನ್ನು 1959ರ ಮೇ ತಿಂಗಳಲ್ಲಿ ಪೊಲೀಸರು ಟಿವಿ ಕ್ಯಾಮೆರಾಗಳ ಎದುರೇ ಹೊತ್ತು ಹೊರಹಾಕಿದರು.

ತಂಡ ಯಾರದ್ದು ಅಂತ ಬ್ರೂಕ್ಲಿನ್ ಜನರನ್ನು ಯಾರೂ ಮತ ಕೇಳಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಕೇಳಿದರು, ಆದರೆ ಗುಡ್ಡದವರಲ್ಲಿ ಬಹುತೇಕರು ಮನೆ ಬಿಟ್ಟಾದ ಮೇಲೆ. ಗ್ಯಾಲರಿಯಲ್ಲಿ ಟ್ರಾನ್ಸಿಸ್ಟರ್ ಹಿಡಿದು ಕೂತವರ ಖುಷಿ ಸುಳ್ಳಲ್ಲ. ಆದರೆ 18.4 ಲಕ್ಷದ ಆ ಲೆಕ್ಕದಲ್ಲಿ ಈ ಇಬ್ಬರಿಗೂ ಜಾಗವಿಲ್ಲ.

1962ರಲ್ಲಿ ಡಾಡ್ಜರ್ ಸ್ಟೇಡಿಯಂ ಶುರುವಾಯಿತು. ಮನೆ ಕಟ್ಟಿಸಿಕೊಡ್ತೀವಿ ಅಂತ ಜನರನ್ನು ಎಬ್ಬಿಸಿದ ಜಾಗದಲ್ಲಿ ಮೈದಾನ ಎದ್ದಿತ್ತು. ಬ್ರೂಕ್ಲಿನ್‌ನಲ್ಲಿ ಎಬೆಟ್ಸ್ ಫೀಲ್ಡ್ ಕೆಡವಿದ ಜಾಗದಲ್ಲಿ, ಅದೇ ವರ್ಷ, ಮನೆಗಳು ಎದ್ದಿದ್ದವು.