ಶಿಕ್ಷಕ ವೃತ್ತಿ: ದೇವದಾಸಿಯರ ಮಕ್ಕಳ ಹಾದಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳನ್ನೊಳಗೊಂಡ ಬಾಗಲಕೋಟೆ ಜಿಲ್ಲೆ ದೇವದಾಸಿ ಪದ್ಧತಿ ಬೇರೂರಿದ್ದ ಸೀಮೆ. 1982ರ ಕಾಯ್ದೆ ಪದ್ಧತಿಯನ್ನು ನಿಷೇಧಿಸಿತು. ಆದರೂ ಈ ತಾಯಂದಿರ ಮಕ್ಕಳಿಗೆ ಶಾಲಾ ಅರ್ಜಿಯಲ್ಲಿನ ತಂದೆಯ ಹೆಸರಿನ ಕಲಮೇ ಮೊದಲ ತಡೆಯಾಗಿತ್ತು. ಆ ಹೆಸರನ್ನು ತಿಳಿಸದಿರುವ ಹಕ್ಕನ್ನು 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಮಸೂದೆ ಮಕ್ಕಳಿಗೆ ನೀಡಿತು; ತೀರಾ ತಡವಾಗಿ ಎನ್ನಬೇಕು.

ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಪಿಯುಸಿ ಬಳಿಕ ಎರಡು ವರ್ಷಗಳ ಡಿ.ಎಲ್.ಇಡಿ. ತರಬೇತಿ, ಅನಂತರ 150 ಅಂಕಗಳ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ). ಸಾಮಾನ್ಯ ವರ್ಗದವರಿಗೆ ಶೇ 60, ಪರಿಶಿಷ್ಟರಿಗೆ ಶೇ 55 ಅಂಕ ಅಗತ್ಯ. ಮೊದಲು ಏಳು ವರ್ಷವಷ್ಟೇ ಊರ್ಜಿತವಾಗಿದ್ದ ಟಿಇಟಿ ಪ್ರಮಾಣಪತ್ರಕ್ಕೆ 2021ರಲ್ಲಿ ಆಜೀವ ಮಾನ್ಯತೆ ದೊರೆಯಿತು. ಕೂಲಿಗಾಗಿ ಓದನ್ನು ನಡುವೆ ನಿಲ್ಲಿಸುವವರಿಗೆ ಇದು ದೊಡ್ಡ ಆಸರೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ನೇಮಕಾತಿ ಮೀಸಲಾತಿಗಾಗಿ ಆ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಮುಂಚಿತವಾಗಿಯೇ ಪಡೆದಿಡುವುದು ಒಳಿತು.