ಸಿನಿಮಾದ ಗುಂಡು, ಸ್ಫೋಟ, ಜಿಗಿತ: ಎಷ್ಟು ನಿಜ, ಎಷ್ಟು ಕೈಚಳಕ?

ನಿಮ್ಮ ಮೊಬೈಲ್‌ಗೂ ಇಂಥ ವಿಡಿಯೊ ಬಂದಿರಬಹುದು. ಹೀರೊ ಹೆಲಿಕಾಪ್ಟರ್‌ನಿಂದ ಜಿಗಿಯುತ್ತಾನೆ, ಹಿಂದೆ ಜೀಪು ಸ್ಫೋಟವಾಗುತ್ತದೆ. ಕೆಳಗೆ ಬರೆದಿರುತ್ತದೆ: "ಡ್ಯೂಪ್ ಇಲ್ಲ, ಗ್ರಾಫಿಕ್ಸ್ ಇಲ್ಲ, ಎಲ್ಲಾ ರಿಯಲ್! ಎಲ್ಲರಿಗೂ ಕಳಿಸಿ." ಇನ್ನೊಂದು ವಿಡಿಯೊದಲ್ಲಿ ಅಂಥದ್ದೇ ಸ್ಫೋಟ. ಅಲ್ಲಿ ಬರೆದಿರುವುದು ಬೇರೆ: "ಗಡಿಯಲ್ಲಿ ಈಗಷ್ಟೇ ನಡೆದ ದಾಳಿ."

ಎರಡನ್ನೂ ನಂಬಬೇಕೇ? ಉತ್ತರ ಬೇಕಿದ್ದರೆ ಪತ್ತೇದಾರಿ ಸಾಹಸ ಚಿತ್ರಗಳನ್ನು ಹೇಗೆ ತೆಗೆಯುತ್ತಾರೆ ಎಂದು ಸ್ವಲ್ಪ ತಿಳಿದಿರಬೇಕು.

ಕನ್ನಡದ ಸಿ.ಐ.ಡಿ. 999

ಮೊದಲ ಜೇಮ್ಸ್ ಬಾಂಡ್ ಚಿತ್ರ ‘ಡಾಕ್ಟರ್ ನೋ’ ಬಂದದ್ದು 1962ರಲ್ಲಿ. ಆರೇ ವರ್ಷಕ್ಕೆ, 1968ರಲ್ಲಿ, ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ಎಂಬ ಕನ್ನಡ ಚಿತ್ರ ಮಾಡಿತು. ಸಿ.ಐ.ಡಿ. 999 ಪ್ರಕಾಶ್ ಆಗಿ ಡಾ. ರಾಜ್‌ಕುಮಾರ್ ನಟಿಸಿದರು. ಬಳಿಕ ‘ಗೋವಾದಲ್ಲಿ ಸಿ.ಐ.ಡಿ. 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು.

ಆಗ ಕಂಪ್ಯೂಟರ್ ಗ್ರಾಫಿಕ್ಸ್ ಇರಲಿಲ್ಲ. ಆ ಕಾಲದ ಸಾಹಸ ಚಿತ್ರಗಳು ನಂಬಿದ್ದು ಕ್ಯಾಮೆರಾ, ಕತ್ತರಿ ಮತ್ತು ಶಬ್ದವನ್ನು. ಇವತ್ತಿನ ದೊಡ್ಡ ಬಜೆಟ್ ಚಿತ್ರಗಳ ಬುನಾದಿಯೂ ಅದೇ.

ವೇಗ ಎಲ್ಲಿಂದ ಬರುತ್ತದೆ?

ಚಿತ್ರಮಂದಿರದಲ್ಲಿ ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಂತೆ ಓಡುತ್ತದೆ. ಶೂಟಿಂಗ್ ಮಾಡುವಾಗ ಸೆಕೆಂಡಿಗೆ 18 ಫ್ರೇಮ್ ಮಾತ್ರ ತೆಗೆದು, ಅದನ್ನು 24ರ ವೇಗದಲ್ಲಿ ತೋರಿಸಿದರೆ ಎಲ್ಲವೂ ಮೂರನೇ ಒಂದರಷ್ಟು ಬೇಗ ನಡೆದಂತೆ ಕಾಣುತ್ತದೆ. ನೀರಮಾನ್ವಿಯಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ ಜೀಪು ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋದರೂ ಪರದೆಯ ಮೇಲೆ ಅದು 60 ಕಿ.ಮೀ. ವೇಗದ ಜೀಪು!

ಇದಕ್ಕೆ ತದ್ವಿರುದ್ಧವೇ ಸ್ಲೋ ಮೋಷನ್. 48 ಫ್ರೇಮ್ ತೆಗೆದು 24ರಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಜಿಗಿತ ಎರಡು ಸೆಕೆಂಡು ನಡೆಯುತ್ತದೆ.

ಇನ್ನು ಹೀರೊ ಮಾತಾಡುತ್ತಾ ಕಾರು ಓಡಿಸುವ ದೃಶ್ಯ. ಹಳೆಯ ಚಿತ್ರಗಳಲ್ಲಿ ಎಷ್ಟೋ ಸಲ ಕಾರು ಸ್ಟುಡಿಯೊದಲ್ಲಿ ನಿಂತೇ ಇರುತ್ತಿತ್ತು. ಹಿಂದಿನ ಪರದೆಯ ಮೇಲೆ ಮೊದಲೇ ತೆಗೆದ ರಸ್ತೆಯ ದೃಶ್ಯ ಓಡುತ್ತಿತ್ತು. ಈಗ ಆ ಜಾಗಕ್ಕೆ ಹಸಿರು ಪರದೆ ಅಥವಾ ಎಲ್‌ಇಡಿ ಗೋಡೆ ಬಂದಿದೆ.

ಹೊಡೆತ ಬೀಳುವುದು ಎಲ್ಲಿ?

ಮುಷ್ಟಿ ಮುಖಕ್ಕೆ ತಾಗುವುದೇ ಇಲ್ಲ, ಗೇಣು ದೂರದಲ್ಲಿ ಹಾದುಹೋಗುತ್ತದೆ. ಕ್ಯಾಮೆರಾ ಹೊಡೆಯುವವನ ಬೆನ್ನ ಹಿಂದೆಯೋ ಭುಜದ ಹತ್ತಿರವೋ ಇರುವುದರಿಂದ ನಡುವಿನ ಖಾಲಿ ಜಾಗ ನಮಗೆ ಕಾಣುವುದಿಲ್ಲ. ಎದುರಿನವನು ಸರಿಯಾದ ಕ್ಷಣಕ್ಕೆ ತಲೆ ತಿರುಗಿಸುತ್ತಾನೆ. "ಢಿಶುಂ" ಸದ್ದು ಆಮೇಲೆ ಸ್ಟುಡಿಯೊದಲ್ಲಿ ಸೇರುತ್ತದೆ. ಇಂಥ ವಿಡಿಯೊವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ, ಅರ್ಧ ಪೆಟ್ಟು ಮಾಯವಾಗಿರುತ್ತದೆ.

ಒಡೆಯುವ ಗಾಜು ಕಿಟಕಿಯ ಗಾಜಲ್ಲ. ಹಿಂದೆ ಸಕ್ಕರೆ ಪಾಕದಿಂದ ಮಾಡುತ್ತಿದ್ದರು, ಈಗ ಸುಲಭವಾಗಿ ಪುಡಿಯಾಗುವ ರಾಳ ಬಳಸುತ್ತಾರೆ. ಗುಂಡು ತಗುಲಿ ಚಿಮ್ಮುವ ರಕ್ತ, ಬಟ್ಟೆಯೊಳಗೆ ಕಟ್ಟಿದ ಬಣ್ಣದ ಚೀಲ ಮತ್ತು ಸಣ್ಣ ಸಿಡಿಮದ್ದಿನ ಕೆಲಸ. ಎತ್ತರದಿಂದ ಹಾರುವವನಿಗೆ ರೋಪ್ ಕಟ್ಟಿರುತ್ತಾರೆ, ಅದನ್ನು ಕಂಪ್ಯೂಟರ್‌ನಲ್ಲಿ ಅಳಿಸುತ್ತಾರೆ.

ಹಾಗೆಂದು ಎಲ್ಲವೂ ಸುಳ್ಳಲ್ಲ. 2006ರ ‘ಕ್ಯಾಸಿನೊ ರಾಯಲ್’ ಬಾಂಡ್ ಚಿತ್ರದಲ್ಲಿ ಕಾರು ನಿಜವಾಗಿಯೂ ಏಳು ಸಲ ಉರುಳಿತು. ಅದಕ್ಕಾಗಿ ಕಾರಿನಲ್ಲಿ ನೈಟ್ರೋಜನ್ ಅನಿಲದ ಒತ್ತಡದಿಂದ ಸಿಡಿಯುವ ಯಂತ್ರ ಅಳವಡಿಸಿದ್ದರು. ಒಳಗಿದ್ದದ್ದು ಹೀರೊ ಅಲ್ಲ, ತರಬೇತಿ ಪಡೆದ ಸಾಹಸ ಚಾಲಕ.

ಮೂರು ತಪ್ಪು ಕಲ್ಪನೆಗಳು

*ಸೈಲೆನ್ಸರ್ ಹಾಕಿದರೆ ಬಂದೂಕಿನ ಸದ್ದೇ ಬರುವುದಿಲ್ಲ.* ತಪ್ಪು. ಬಂದೂಕಿನ ಸದ್ದು ಸುಮಾರು 160 ಡೆಸಿಬೆಲ್ ಇರುತ್ತದೆ. ಸೈಲೆನ್ಸರ್ ತಗ್ಗಿಸುವುದು ಸುಮಾರು 20ರಿಂದ 35 ಡೆಸಿಬೆಲ್. ಉಳಿಯುವ ಸದ್ದೂ ಜೋರಾಗಿಯೇ ಇರುತ್ತದೆ. ಸಿನಿಮಾದ "ಪಿಚಕ್" ಶಬ್ದ ಸೌಂಡ್ ವಿಭಾಗದವರ ಸೃಷ್ಟಿ.

*ಕರ್ಚೀಫಿಗೆ ಕ್ಲೋರೊಫಾರ್ಮ್ ಹಾಕಿ ಮೂಗಿಗೆ ಹಿಡಿದರೆ ಎರಡೇ ಸೆಕೆಂಡಿಗೆ ಎಚ್ಚರ ತಪ್ಪುತ್ತದೆ.* ತಪ್ಪು. ಅದಕ್ಕೆ ನಿಮಿಷಗಳೇ ಬೇಕು. ಅಷ್ಟೇ ಅಲ್ಲ, ಪ್ರಮಾಣ ಹೆಚ್ಚಾದರೆ ಉಸಿರಾಟ ಮತ್ತು ಹೃದಯ ನಿಂತು ಸಾವು ಸಂಭವಿಸಬಹುದು.

*ಸ್ಫೋಟ ಎಂದರೆ ದೊಡ್ಡ ಕಿತ್ತಳೆ ಬಣ್ಣದ ಬೆಂಕಿ ಉಂಡೆ.* ಸಿನಿಮಾದಲ್ಲಿ ಬೆಂಕಿ ಚೆನ್ನಾಗಿ ಕಾಣಲೆಂದು ಪೆಟ್ರೋಲ್‌ನಂಥ ಇಂಧನ ಉರಿಸುತ್ತಾರೆ. ನಿಜವಾದ ಬಾಂಬ್ ಸ್ಫೋಟದಲ್ಲಿ ಬೆಳಕು ಕ್ಷಣಮಾತ್ರ. ಹೆಚ್ಚು ಕಾಣುವುದು ಧೂಳು, ಹೊಗೆ. ಕೊಲ್ಲುವುದು ಒತ್ತಡದ ಅಲೆ ಮತ್ತು ಹಾರಿ ಬರುವ ಚೂರುಗಳು. ಬೆನ್ನು ಹಾಕಿ ಸ್ಟೈಲಾಗಿ ನಡೆದುಹೋಗಲು ಯಾರಿಂದಲೂ ಆಗದು.

ಇದೆಲ್ಲ ತಿಳಿದು ಏನಾಗಬೇಕು?

ಎರಡು ಕಾರಣಗಳಿವೆ. ಮೊದಲನೆಯದು ಸುಳ್ಳು ಸುದ್ದಿ. ‘ಆರ್ಮಾ 3’ ಎಂಬ ವಿಡಿಯೊ ಗೇಮ್‌ನ ದೃಶ್ಯಗಳು ನಿಜವಾದ ಯುದ್ಧದ ವಿಡಿಯೊ ಎಂದು ಎಷ್ಟು ಹರಿದಾಡಿದವೆಂದರೆ, ಅದನ್ನು ತಯಾರಿಸಿದ ಜೆಕ್ ಕಂಪನಿಯೇ 2022ರ ನವೆಂಬರ್‌ನಲ್ಲಿ ಎಚ್ಚರಿಕೆ ನೀಡಬೇಕಾಯಿತು. 2025ರ ಮೇ ತಿಂಗಳಲ್ಲಿ ಭಾರತ–ಪಾಕ್ ಸಂಘರ್ಷದ ದಿನಗಳಲ್ಲೂ ಗೇಮ್ ದೃಶ್ಯಗಳು ದಾಳಿಯ ಹೆಸರಿನಲ್ಲಿ ಹರಡಿದವು. ಅವು ಸುಳ್ಳು ಎಂದು ಪಿಐಬಿ ಫ್ಯಾಕ್ಟ್ ಚೆಕ್ ಹೇಳಿತು. ಮಗ ಸೈನ್ಯದಲ್ಲಿರುವ ಮನೆಗೆ ಇಂಥ ವಿಡಿಯೊ ತಲುಪಿದರೆ ಆ ರಾತ್ರಿ ಹೇಗಿರುತ್ತದೆ ಎಂದು ಯೋಚಿಸಿ.

ಎರಡನೆಯದು ಜೀವ. 2016ರ ನವೆಂಬರ್ 7ರಂದು ಬೆಂಗಳೂರು ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಸಾಹಸ ದೃಶ್ಯದ ಶೂಟಿಂಗ್ ನಡೆಯುತ್ತಿತ್ತು. ನಟರಾದ ಅನಿಲ್ ಮತ್ತು ಉದಯ್ ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದರು. ಅವರು ಲೈಫ್ ಜಾಕೆಟ್ ಧರಿಸಿರಲಿಲ್ಲ. ಇಬ್ಬರೂ ಮುಳುಗಿ ಸತ್ತರು. ಅಲ್ಲಿ ಜಿಗಿತ ನಿಜವಾಗಿತ್ತು, ಇಲ್ಲದಿದ್ದದ್ದು ಸುರಕ್ಷತೆ.

15 ಮೀಟರ್ ಎತ್ತರದಿಂದ ಬಿದ್ದರೂ ನೀರು ಮುಟ್ಟುವಾಗ ದೇಹದ ವೇಗ ಗಂಟೆಗೆ 60 ಕಿ.ಮೀ. ದಾಟಿರುತ್ತದೆ. ಆ ಪೆಟ್ಟಿಗೆ ಈಜು ಬಲ್ಲವರಿಗೂ ಕೈಕಾಲು ಆಡದಿರಬಹುದು. ರೀಲ್ಸ್‌ಗಾಗಿ ಕಾಲುವೆಗೆ, ನದಿಗೆ, ಕ್ವಾರಿ ನೀರಿಗೆ ಜಿಗಿಯುವ ಹುಡುಗರಿಗೆ ಈ ಲೆಕ್ಕ ತಿಳಿದಿರಲಿ. "ಎಲ್ಲಾ ರಿಯಲ್" ಎಂಬ ಹೊಗಳಿಕೆ ಇಂಥ ಹುಚ್ಚಿಗೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

• ದೃಶ್ಯ ಎಷ್ಟು ಸಲ ಕಟ್ ಆಗಿದೆ? ಒಂದೇ ಘಟನೆ ನಾಲ್ಕು ಕೋನಗಳಿಂದ ಕಂಡರೆ ಅದು ಶೂಟಿಂಗ್ ಇರಬಹುದು.

• ಶಬ್ದ ಸಾಗುವುದು ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಕಿ.ಮೀ. ದೂರದ ಸ್ಫೋಟದ ಬೆಳಕು ಕಂಡ ಮೂರು ಸೆಕೆಂಡಿನ ನಂತರ ಸದ್ದು ಕೇಳಬೇಕು. ಎರಡೂ ಒಟ್ಟಿಗೆ ಬಂದರೆ ಅನುಮಾನಿಸಿ.

• ವಿಡಿಯೊವನ್ನು ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಹಳೆಯದಾಗಿದ್ದರೆ ಮೂಲ ಸಿಗುವ ಸಾಧ್ಯತೆ ಹೆಚ್ಚು.

• ದಿನಾಂಕ, ಊರು, ತೆಗೆದವರು ಯಾರು ಎಂಬ ಮೂರೂ ಇಲ್ಲದ ವಿಡಿಯೊ ಸುದ್ದಿಯಲ್ಲ.

ಒಟ್ಟಿನಲ್ಲಿ, ಸಿನಿಮಾ ನೋಡುವಾಗ ಈ ಕೈಚಳಕಕ್ಕೆ ಶಿಳ್ಳೆ ಹೊಡೆಯಿರಿ, ತಪ್ಪೇನಿಲ್ಲ. ಅದೇ ದೃಶ್ಯ ಸುದ್ದಿಯ ವೇಷದಲ್ಲಿ ಮೊಬೈಲ್‌ಗೆ ಬಂದಾಗ ಮಾತ್ರ ಮುಂದಕ್ಕೆ ಕಳಿಸುವ ಮೊದಲು ಎರಡು ನಿಮಿಷ ಪರೀಕ್ಷಿಸಿ.